ಅಮೆರಿಕದ ರಾಜ್ಯಜೀವನದಲ್ಲಿ ಫ್ರೀಮೇಸನ್ನರು



ನಮ್ಮ ಕಾಲೇಜಿನಲ್ಲಿ ಅಮೆರಿಕದ ಚರಿತ್ರೆಯ ಪಾಠ ನಡೆಯುವ ದಿನಗಳಲ್ಲಿ ಪ್ರತಿವರ್ಷವೂ ಒಬ್ಬನಲ್ಲ ಒಬ್ಬ ವಿದ್ಯಾರ್ಥಿ, ಗಂಟೆ ಹೊಡೆದ ಮೇಲೆ, ನನ್ನ ಮೇಜಿನ ಬಳಿಗೆ ಬಂದು ಸ್ವಲ್ಪ ದನಿ ತಗ್ಗಿಸಿ ಒಂದು ಪ್ರಶ್ನೆಯನ್ನು ಕೇಳುವುದುಂಟು: “ಸಾರ್, ಅಮೆರಿಕಾ ದೇಶವನ್ನು ಕಟ್ಟಿದವರು ಫ್ರೀಮೇಸನ್ನರಂತೆ, ನಿಜವೆ?” ದನಿ ತಗ್ಗಿಸುವುದೇಕೋ ನಾನರಿಯೆ. ಬಾಗಿಲ ಹೊರಗೆ ಯಾರೂ ಕಿವಿಗೊಟ್ಟು ನಿಂತಿರುವುದಿಲ್ಲ. ಆದರೆ ಆ ಹೆಸರಿಗೇ ಅಂಥ ಗುಣವುಂಟು. ಹಿಂದೆ ಉತ್ತರ ಹಿಂದೂಸ್ಥಾನದ ಊರುಗಳಲ್ಲಿ ಮೇಸನ್ನರು ಸಭೆ ಸೇರುವ ಕಟ್ಟಡವನ್ನು ಜನರು ಜಾದೂಘರ್, ಎಂದರೆ ಮಾಟದ ಮನೆ, ಎಂದು ಕರೆಯುತ್ತಿದ್ದರಂತೆ. ಮುಚ್ಚಿದ ಬಾಗಿಲನ್ನು ಕಂಡರೆ ಮನುಷ್ಯನ ಕಲ್ಪನೆಗೆ ರೆಕ್ಕೆ ಬರುತ್ತದೆ. ಒಳಗೆ ನಡೆಯುವುದು ಊಟವೋ ಉಪದೇಶವೋ ಆಗಿದ್ದರೂ ಹೊರಗಿನವನಿಗೆ ಅದು ಬಲಿಯಾಗಿಯೇ ತೋರುವುದು.

ನಾನು ಆ ಸಂಘಕ್ಕೆ ಸೇರಿದವನಲ್ಲ ಎಂಬುದನ್ನು ಮೊದಲೇ ಅರಿಕೆ ಮಾಡಿಬಿಡುತ್ತೇನೆ. ಆದುದರಿಂದ ಗುಟ್ಟನ್ನು ಬಯಲು ಮಾಡುವೆನೆಂದು ಕಾದಿರುವವರು ನಿರಾಶರಾಗಬೇಕಾದೀತು. ನಾನು ಹೇಳತಕ್ಕದ್ದೆಲ್ಲ ಲಾಡ್ಜುಗಳ ದಾಖಲೆಗಳಲ್ಲಿಯೂ ಚರಿತ್ರೆಯ ಪುಸ್ತಕಗಳಲ್ಲಿಯೂ ಇರುವ ವಿಷಯ.

ಫ್ರೀಮೇಸನ್ ಎಂಬ ಮಾತಿಗೆ ಸ್ವತಂತ್ರನಾದ ಕಲ್ಲುಕುಟಿಗನೆಂದು ಅರ್ಥ. ಮಧ್ಯಯುಗದಲ್ಲಿ ಯೂರೋಪಿನ ದೊಡ್ಡ ದೊಡ್ಡ ದೇವಾಲಯಗಳನ್ನು ಕಟ್ಟುತ್ತ ಊರಿಂದೂರಿಗೆ ಹೋಗುತ್ತಿದ್ದ ಶಿಲ್ಪಿಗಳು ಕೆಲಸದ ಮಗ್ಗುಲಲ್ಲಿಯೇ ಚಪ್ಪರವೊಂದನ್ನು ಹಾಕಿಕೊಂಡು, ಅಲ್ಲಿಯೇ ಕಲ್ಲು ಕೆತ್ತುತ್ತ, ಅಲ್ಲಿಯೇ ಉಣ್ಣುತ್ತ, ಕಸುಬಿನ ಮರ್ಮವನ್ನು ತಮ್ಮವರಿಗೆ ಮಾತ್ರ ಹೇಳಿಕೊಡುತ್ತ ಇದ್ದರು. ಆ ಚಪ್ಪರಕ್ಕೆ ಲಾಡ್ಜ್ ಎಂದು ಹೆಸರು. (ನಮ್ಮ ಪೇಟೆಗಳಲ್ಲಿ ಲಾಡ್ಜೆಂದರೆ ಬಾಡಿಗೆಗೆ ಕೋಣೆ ಸಿಕ್ಕುವ ಜಾಗ, ಕೇಳುವವರು ದಯವಿಟ್ಟು ಆ ಅರ್ಥವನ್ನು ಸ್ವಲ್ಪ ಹೊತ್ತು ಮರೆಯಬೇಕು.) ಕಾಲಕ್ರಮದಲ್ಲಿ ಕಲ್ಲಿನ ಕೆಲಸ ಕಡಿಮೆಯಾಯಿತು; ಚಪ್ಪರದೊಳಕ್ಕೆ ಉಳಿ ಹಿಡಿಯದ ಕೈಗಳೂ ಬಂದುವು. ಜಮೀನ್ದಾರರು, ವೈದ್ಯರು, ವರ್ತಕರು ಸದಸ್ಯರಾದರು. 1717ನೆಯ ಇಸವಿಯಲ್ಲಿ ಲಂಡನ್ನಿನ ನಾಲ್ಕು ಲಾಡ್ಜುಗಳು ಒಂದು ಪಾನಗೃಹದಲ್ಲಿ ಕೂಡಿ ಮಹಾಲಾಡ್ಜೊಂದನ್ನು ಸ್ಥಾಪಿಸಿದುವೆಂದು ಸಂಪ್ರದಾಯ. ಹೀಗೆ ಮೂಲೆಮಟ್ಟ, ಕೈವಾರ, ತೂಗುಗುಂಡು, ಕರಣೆಗಳು ಕೆಲಸದ ಸಾಮಾನುಗಳಾಗಿದ್ದುದು ಹೋಗಿ ನೀತಿಯ ಸಂಕೇತಗಳಾದುವು. ಮೂಲೆಮಟ್ಟದಂತೆ ನಡತೆ ನೇರವಾಗಿರಬೇಕು, ಕೈವಾರದಂತೆ ಆಸೆಗೆ ಒಂದು ಎಲ್ಲೆಯಿರಬೇಕು, ಹೀಗೆ. ದೇವರನ್ನು ನಂಬುವವನಾಗಿರಬೇಕು, ಆದರೆ ಯಾವ ಮತದ ದೇವರೆಂದು ಯಾರೂ ಕೇಳಕೂಡದು. ಆ ದೇವರನ್ನು ಅವರು ಜಗತ್ತಿನ ಮಹಾಶಿಲ್ಪಿಯೆಂದು ಕರೆಯುವರು. ವಿಶ್ವಕರ್ಮನ ಹೆಸರನ್ನು ಬಲ್ಲ ನಮಗೆ ಇದು ಅಷ್ಟೇನೂ ಹೊಸದಲ್ಲ. ನಮ್ಮ ವಿವೇಕಾನಂದರೇ ಸಂನ್ಯಾಸಕ್ಕೆ ಮುಂಚೆ, 1884ರಲ್ಲಿ, ಕಲ್ಕತ್ತೆಯ ಲಾಡ್ಜೊಂದರಲ್ಲಿ ದೀಕ್ಷೆ ಪಡೆದಿದ್ದರೆಂಬುದನ್ನು ಹಲವರು ಅರಿಯರು. ಹೆಂಗಸರಿಗೆ ಮಾತ್ರ ಆ ಬಾಗಿಲು ಮುಚ್ಚಿಯೇ ಇದ್ದಿತು; ಇದನ್ನು ಕೇಳುತ್ತಿರುವ ಮಹಿಳೆಯರು ಅದಕ್ಕಾಗಿ ನನ್ನನ್ನು ಆಕ್ಷೇಪಿಸಬಾರದು.

ಈ ಸಂಸ್ಥೆ ಅಟ್ಲಾಂಟಿಕ್ ಸಾಗರವನ್ನು ಬಹು ಬೇಗನೆ ದಾಟಿತು. ಫಿಲಡೆಲ್ಫಿಯಾ ನಗರದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನು 1731ರಲ್ಲಿ, ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಮೇಸನ್ನನಾದನು. ಆಗ ಅವನು ಮುದ್ರಣಾಲಯವನ್ನಿಟ್ಟುಕೊಂಡಿದ್ದ ಒಬ್ಬ ತರುಣ. ಮುಂದೆ ಬರಬೇಕೆಂಬ ಹವಣಿಕೆ ಬಹಳವಾಗಿದ್ದವನು. ಮೂರೇ ವರ್ಷಗಳಲ್ಲಿ ಪೆನ್ಸಿಲ್ವೇನಿಯದ ಗ್ರಾಂಡ್ ಮಾಸ್ಟರ್ ಎಂಬ ಪದವಿಗೆ ಏರಿದನು. ಅದೇ 1734ರಲ್ಲಿ ಲಂಡನ್ನಿನ ಮೇಸನ್ನರ ನಿಬಂಧನೆಗಳ ಪುಸ್ತಕವನ್ನು ತನ್ನ ಅಚ್ಚುಕೂಟದಲ್ಲಿಯೇ ಅಚ್ಚುಮಾಡಿ ಮಾರಿದನು. ಅಮೆರಿಕದಲ್ಲಿ ಅಚ್ಚಾದ ಮೊದಲನೆಯ ಮೇಸನ್ ಗ್ರಂಥ ಅದೇ. ಧರ್ಮವೂ ಆಯಿತು, ವ್ಯಾಪಾರವೂ ಆಯಿತು. ಫ್ರಾಂಕ್ಲಿನ್ನನ ಸ್ವಭಾವವೇ ಅಂಥದು. ಮುಂದೆ ಸ್ವಾತಂತ್ರ್ಯಯುದ್ಧದ ಕಾಲದಲ್ಲಿ ಅವನು ಫ್ರಾನ್ಸಿನ ನೆರವನ್ನು ಬೇಡಲು ಪ್ಯಾರಿಸ್ಸಿಗೆ ಹೋದಾಗ ಅಲ್ಲಿನ ‘ಒಂಬತ್ತು ಸೋದರಿಯರು’ ಎಂಬ ಲಾಡ್ಜು ಅವನಿಗೆ ಬಹಳ ಉಪಯೋಗಕ್ಕೆ ಬಂದಿತು. ಆ ಸೋದರಿಯರೆಂದರೆ ಗ್ರೀಕರ ಒಂಬತ್ತು ಮಂದಿ ಕಲಾದೇವತೆಯರು. ಪ್ಯಾರಿಸ್ಸಿನ ವಿದ್ವಾಂಸರೂ ಕಲಾವಿದರೂ ಅಲ್ಲಿ ಸೇರುತ್ತಿದ್ದರು. 1778ರ ಏಪ್ರಿಲ್ 7ನೆಯ ತಾರೀಖು ಎಂಬತ್ತಮೂರು ವರ್ಷದ ವಾಲ್ಟೇರನು ಅಲ್ಲಿ ದೀಕ್ಷೆ ತೆಗೆದುಕೊಂಡಾಗ ಫ್ರಾಂಕ್ಲಿನ್ನನು ಅವನೊಡನಿದ್ದನು. ಎರಡು ತಿಂಗಳೊಳಗಾಗಿ ವಾಲ್ಟೇರನು ತೀರಿಕೊಂಡನು. ಮರುವರ್ಷ ಫ್ರಾಂಕ್ಲಿನ್ನನು ಆ ಲಾಡ್ಜಿಗೆ ಅಧ್ಯಕ್ಷನಾದನು. ರಾಯಭಾರಿಯು ಅರಮನೆಯ ಓಲಗದಲ್ಲಿ ಸಾಧಿಸಲಾರದುದನ್ನು ಇಂಥ ಸಹಪಂಕ್ತಿಯಲ್ಲಿ ಸಾಧಿಸುವುದುಂಟು.

ವಾಷಿಂಗ್‌ಟನ್ನನ ವಿಷಯ ಬೇರೆ. ಅವನು 1752ರ ನವೆಂಬರ್ 4ರಂದು, ಇಪ್ಪತ್ತು ವರ್ಷದ ಹುಡುಗನಾಗಿದ್ದಾಗ, ವರ್ಜೀನಿಯದ ಫ್ರೆಡರಿಕ್ಸ್‌ಬರ್ಗಿನಲ್ಲಿ ಎರಡು ಪೌಂಡು ಮೂರು ಷಿಲಿಂಗು ಪ್ರವೇಶದ ಹಣ ಕೊಟ್ಟು ಸೇರಿದನು. ಮರುವರ್ಷದ ಆಗಸ್ಟಿನಲ್ಲಿ ಮೂರನೆಯ ದೀಕ್ಷೆಯಾಗಿ ಪೂರ್ಣ ಸದಸ್ಯನಾದನು. ಆಮೇಲೆ ಲಾಡ್ಜಿನ ಸಭೆಗಳಿಗೆ ಅವನು ಬಹಳ ಹೋಗಲಿಲ್ಲ. ತನ್ನ ಮುಪ್ಪಿನಲ್ಲಿ, 1798ರಲ್ಲಿ, ಒಬ್ಬ ಪಾದ್ರಿಗೆ ಬರೆದ ಕಾಗದದಲ್ಲಿ, ಹಿಂದಿನ ಮೂವತ್ತು ವರ್ಷಗಳಲ್ಲಿ ತಾನು ಲಾಡ್ಜಿಗೆ ಒಂದೆರಡು ಸಲಕ್ಕಿಂತ ಹೆಚ್ಚು ಹೋಗಿಲ್ಲವೆಂದು ಅವನೇ ಹೇಳಿದ್ದಾನೆ. ಅಲೆಕ್ಸಾಂಡ್ರಿಯದ ಲಾಡ್ಜಿನ ಸನ್ನದಿನಲ್ಲಿ ಅವನ ಹೆಸರು ಅಧ್ಯಕ್ಷನೆಂದು 1788ರಲ್ಲಿ ಬರೆದಿದ್ದರೂ ಅದು ಬಹುಮಟ್ಟಿಗೆ ಗೌರವಕ್ಕಾಗಿ.

ಹಾಗಿದ್ದೂ ಮೇಸನ್ನರೆಂದೊಡನೆ ಅವನ ಚಿತ್ರವೇ ಕಣ್ಣಮುಂದೆ ಬರುವುದೇಕೆ? ಎರಡು ದಿನಗಳ ಕಾರಣದಿಂದ. ಮೊದಲನೆಯದು 1789ರ ಏಪ್ರಿಲ್ 30. ನ್ಯೂಯಾರ್ಕಿನಲ್ಲಿ ಅವನು ಮೊದಲನೆಯ ಅಧ್ಯಕ್ಷನಾಗಿ ಪ್ರಮಾಣ ಮಾಡಬೇಕು. ಎಲ್ಲ ಸಿದ್ಧವಾಗಿದೆ, ಬೈಬಲ್ ಒಂದು ಮಾತ್ರ ಇಲ್ಲ. ಹತ್ತಿರದಲ್ಲಿದ್ದ ಸೇಂಟ್ ಜಾನ್ಸ್ ಲಾಡ್ಜಿನ ಬೈಬಲನ್ನು ಅವಸರವಾಗಿ ತಂದರೆಂದು ಹೇಳುತ್ತಾರೆ. ಪ್ರಮಾಣ ಮಾಡಿಸಿದ ಲಿವಿಂಗ್‌ಸ್ಟನ್ನನೂ ನ್ಯೂಯಾರ್ಕಿನ ಗ್ರಾಂಡ್ ಮಾಸ್ಟರನೇ. ಆ ಪುಸ್ತಕ ಇಂದಿಗೂ ಇದೆ; 1921ರಲ್ಲಿ ಹಾರ್ಡಿಂಗ್, 1953ರಲ್ಲಿ ಐಸೆನ್‌ಹೋವರ್, 1977ರಲ್ಲಿ ಕಾರ್ಟರ್, 1989ರಲ್ಲಿ ಹಿರಿಯ ಬುಷ್ ಅದರ ಮೇಲೆಯೇ ಪ್ರಮಾಣ ಮಾಡಿದರು. ಎರಡನೆಯದು 1793ರ ಸೆಪ್ಟೆಂಬರ್ 18. ಹೊಸ ರಾಜಧಾನಿಯಲ್ಲಿ ಶಾಸನಸಭೆಯ ಮಂದಿರವಾದ ಕ್ಯಾಪಿಟಲಿಗೆ ಅಂದು ಶಂಕುಸ್ಥಾಪನೆ. ವಾಷಿಂಗ್‌ಟನ್ನನು ಮೇಸನ್ನರ ಏಪ್ರನ್ನನ್ನು ನಡುವಿಗೆ ಕಟ್ಟಿಕೊಂಡು ವಾದ್ಯದ ಮೆರವಣಿಗೆಯಲ್ಲಿ ಪೊಟೋಮ್ಯಾಕ್ ಹೊಳೆಯ ಕಡೆಯಿಂದ ನಡೆದುಬಂದನು. ಬೆಳ್ಳಿಯ ತಗಡೊಂದನ್ನು ಗುಂಡಿಯಲ್ಲಿಟ್ಟು ಅದರ ಮೇಲೆ ಮೂಲೆಗಲ್ಲನ್ನು ಕೂರಿಸಿ, ಧಾನ್ಯ, ದ್ರಾಕ್ಷಾರಸ, ಎಣ್ಣೆಗಳನ್ನು ಸುರಿದರು. ನಮ್ಮಲ್ಲಿ ಪಾಯಕ್ಕೆ ನವಧಾನ್ಯ ಹಾಕುವುದು ಕೇಳುವವರಿಗೆ ನೆನಪಾಗಬಹುದು. ಮನೆ ಕಟ್ಟುವವರ ಮನಸ್ಸು ಎಲ್ಲ ದೇಶಗಳಲ್ಲಿಯೂ ಒಂದೇ. ಬಳಿಕ ಐನೂರು ಪೌಂಡಿನ ಎತ್ತೊಂದನ್ನು ಸುಟ್ಟು ಎಲ್ಲರೂ ಊಟ ಮಾಡಿದರು. ಇಲ್ಲಿ ಹೋಲಿಕೆ ಮುಗಿಯಿತು. ಆ ಮೂಲೆಗಲ್ಲು ಕಟ್ಟಡದ ಯಾವ ಮೂಲೆಯಲ್ಲಿದೆಯೋ, ಎಷ್ಟು ಹುಡುಕಿದರೂ ಇದುವರೆಗೆ ಸಿಕ್ಕಿಲ್ಲ.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದವರು ಐವತ್ತಾರು ಮಂದಿ. ಅವರಲ್ಲಿ ಮೇಸನ್ನರೆಂದು ದಾಖಲೆಯಿಂದ ತೋರಿಸಬಹುದಾದವರು ಎಂಟೊಂಬತ್ತು ಜನ. ರಾಜ್ಯಾಂಗಕ್ಕೆ ರುಜು ಹಾಕಿದ ಮೂವತ್ತೊಂಬತ್ತು ಮಂದಿಯಲ್ಲಿ ಹದಿಮೂರು. ಘೋಷಣೆಯನ್ನು ಬರೆದ ಜೆಫರ್ಸನ್ನನು ಮೇಸನ್ನನಾಗಿದ್ದನೆಂಬುದಕ್ಕೆ ಆಧಾರವಿಲ್ಲ. ಅದಕ್ಕಾಗಿ ಸಭೆಯಲ್ಲಿ ಹಗಲಿರುಳು ವಾದಿಸಿದ ಜಾನ್ ಆಡಮ್ಸ್ ಮೇಸನ್ನನಲ್ಲ. ಇನ್ನು ಎದುರು ಪಕ್ಷವನ್ನು ನೋಡಿ. ಫ್ರಾಂಕ್ಲಿನ್ನನ ಮಗ ವಿಲಿಯಂ ಮೇಸನ್ನನೇ. ಅವನು ಕಡೆಯವರೆಗೂ ದೊರೆಯ ಪಕ್ಷವನ್ನು ಬಿಡಲಿಲ್ಲ, ತಂದೆಮಕ್ಕಳ ಮನಸ್ಸು ಮತ್ತೆ ಕೂಡಲಿಲ್ಲ. ಬ್ರಿಟಿಷರ ಕಡೆ ಹೋರಾಡಿದ ಮೋಹಾಕ್ ಜನಾಂಗದ ನಾಯಕ ಜೋಸೆಫ್ ಬ್ರಾಂಟನು ಲಂಡನ್ನಿನಲ್ಲಿ ದೀಕ್ಷೆ ಪಡೆದವನು. ಸ್ವಂತ ಕೋಟೆಯನ್ನೇ ಶತ್ರುವಿಗೆ ಮಾರಹೊರಟ ಬೆನೆಡಿಕ್ಟ್ ಆರ್ನಾಲ್ಡನೂ ಮೇಸನ್ನನೇ. ಒಂದೇ ಪ್ರತಿಜ್ಞೆಯನ್ನು ಮಾಡಿದ ಕೈಗಳು ಎರಡು ದಂಡುಗಳಲ್ಲಿಯೂ ಕತ್ತಿ ಹಿಡಿದಿದ್ದುವು. ಆದುದರಿಂದ ಮೇಸನ್ನರ ಸಂಘವು ಕೂಡಿ ಕ್ರಾಂತಿಯನ್ನು ಹೂಡಿತೆಂಬುದು ನಿಲ್ಲತಕ್ಕ ಮಾತಲ್ಲ.

ನಿಲ್ಲತಕ್ಕ ಮಾತು ಯಾವುದೆಂದರೆ, ಬಾಸ್ಟನ್ನಿನಂಥ ಕೆಲವು ಊರುಗಳಲ್ಲಿ ಲಾಡ್ಜು ಸ್ನೇಹದ ಒಂದು ಜಾಲವನ್ನು ಒದಗಿಸಿತೆಂಬುದು. ಅಲ್ಲಿನ ಸೇಂಟ್ ಆಂಡ್ರೂಸ್ ಲಾಡ್ಜು ‘ಹಸುರು ಡ್ರ್ಯಾಗನ್’ ಎಂಬ ಪಾನಗೃಹವನ್ನು 1764ರಲ್ಲಿ ಕೊಂಡುಕೊಂಡಿತು. ಮೇಲೆ ಲಾಡ್ಜು, ಕೆಳಗೆ ದೇಶಭಕ್ತರ ಹರಟೆ. ಚಹದ ಪೆಟ್ಟಿಗೆಗಳನ್ನು ಬಂದರಿನಲ್ಲಿ ಸುರಿದ ದಿನ, 1773ರ ಡಿಸೆಂಬರ್ 16ರಂದು, ಬಂದ ಸದಸ್ಯರು ಕಡಿಮೆಯಾದುದರಿಂದ ಸಭೆಯನ್ನು ಮರುದಿನಕ್ಕೆ ಮುಂದೂಡಿದೆಯೆಂದು ಆ ಲಾಡ್ಜಿನ ನಡವಳಿ ಪುಸ್ತಕದಲ್ಲಿ ಬರೆದಿದೆ. ಉಳಿದವರು ಎಲ್ಲಿಗೆ ಹೋಗಿದ್ದರೋ ಪುಸ್ತಕ ಹೇಳುವುದಿಲ್ಲ. ಆ ಬಳಗದವನೇ ಡಾಕ್ಟರ್ ಜೋಸೆಫ್ ವಾರನ್. ಅವನು 1775ರ ಜೂನ್ 17ರಂದು ಬಂಕರ್ ಹಿಲ್ ಕಾಳಗದಲ್ಲಿ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಮಡಿದನು. ಗುರುತಿಲ್ಲದೆ ಹೂತುಹಾಕಿದ್ದ ಅವನ ದೇಹವನ್ನು ಬ್ರಿಟಿಷರು ಊರು ಬಿಟ್ಟ ಮೇಲೆ 1776ರ ವಸಂತದಲ್ಲಿ ಅಗೆದು ತೆಗೆದರು. ಗುರುತಿಸಿದವನು ಅಕ್ಕಸಾಲಿ ಪಾಲ್ ರಿವಿಯರ್. ತಾನೇ ತಂತಿ ಹಾಕಿ ಕಟ್ಟಿಕೊಟ್ಟಿದ್ದ ಕೃತಕ ಹಲ್ಲಿನಿಂದ ಗುರುತು ಹಿಡಿದನು. ಈ ರಿವಿಯರನು ಮುಂದೆ ಮ್ಯಾಸಚೂಸೆಟ್ಸಿನ ಗ್ರಾಂಡ್ ಮಾಸ್ಟರಾಗಿ 1795ರಲ್ಲಿ ಆ ಸಂಸ್ಥಾನದ ಆಡಳಿತ ಮಂದಿರಕ್ಕೆ ಮೂಲೆಗಲ್ಲನ್ನಿಟ್ಟನು.

ಡಾಲರ್ ನೋಟಿನ ಮೇಲೆ ಪಿರಮಿಡ್ಡಿನ ತುದಿಯಲ್ಲಿ ಒಂದು ಕಣ್ಣಿರುವುದನ್ನು ತೋರಿಸಿ, ಇದು ಮೇಸನ್ನರ ಮುದ್ರೆಯಲ್ಲವೆ ಎನ್ನುವವರೂ ಉಂಟು. 1782ರಲ್ಲಿ ಆ ಮುದ್ರೆಯ ರೂಪವನ್ನು ಕಡೆಯದಾಗಿ ಗೊತ್ತುಮಾಡಿದ ಥಾಮ್ಸನ್, ಬಾರ್ಟನ್ ಎಂಬಿಬ್ಬರೂ ಮೇಸನ್ನರಲ್ಲ. ಆದರೆ ಅದನ್ನು 1935ರಲ್ಲಿ ನೋಟಿನ ಮೇಲೆ ಅಚ್ಚುಹಾಕಿಸಿದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮೇಸನ್ನನು! ಇಂಥಲ್ಲಿ ಚರಿತ್ರೆ ಬರೆಯುವವನ ತಾಳ್ಮೆ ಪರೀಕ್ಷೆಗೆ ಒಳಗಾಗುತ್ತದೆ.

ಇದುವರೆಗಿನದು ಸುಲಭವಾದ ಕಥೆ. ಇನ್ನು ಮುಂದಿನದು ಅಷ್ಟು ಸುಲಭವಲ್ಲ. ನ್ಯೂಯಾರ್ಕ್ ಸಂಸ್ಥಾನದ ಪಶ್ಚಿಮಕ್ಕೆ ಬಟೇವಿಯ ಎಂಬ ಸಣ್ಣ ಊರಿನಲ್ಲಿ ವಿಲಿಯಂ ಮಾರ್ಗನ್ ಎಂಬವನೊಬ್ಬನಿದ್ದನು. ಕಸುಬಿನಲ್ಲಿ ನಿಜವಾದ ಕಲ್ಲುಕುಟಿಗ; ಬಡವ, ಸಾಲಗಾರ. ಊರಿನ ಮೇಸನ್ನರು ತಮ್ಮ ಹೊಸ ಕೂಟಕ್ಕೆ ಅವನನ್ನು ಸೇರಿಸಿಕೊಳ್ಳದೆ ಹೋದರು. ಅವನು ಕೋಪಗೊಂಡು, ಮೇಸನ್ನರ ದೀಕ್ಷೆಯ ಗುಟ್ಟುಗಳನ್ನೆಲ್ಲ ಪುಸ್ತಕವಾಗಿ ಅಚ್ಚುಮಾಡಿಸುವೆನೆಂದು ಸಾರಿದನು. ಮಿಲ್ಲರ್ ಎಂಬ ಪತ್ರಿಕೆಯವನು ಅಚ್ಚುಹಾಕಲು ಒಪ್ಪಿದನು. ಅವನ ಅಚ್ಚುಕೂಟಕ್ಕೆ ಬೆಂಕಿಯಿಡುವ ಪ್ರಯತ್ನ ನಡೆಯಿತು. 1826ರ ಸೆಪ್ಟೆಂಬರ್ 11ರಂದು ಮಾರ್ಗನ್ನನನ್ನು, ಎರವಲು ತಂದ ಬಟ್ಟೆಯನ್ನು ಹಿಂದಿರುಗಿಸಲಿಲ್ಲವೆಂಬ ಆಪಾದನೆಯ ಮೇಲೆ ಹಿಡಿದು, ಐವತ್ತು ಮೈಲಿ ದೂರದ ಕ್ಯಾನಂಡೈಗುವಕ್ಕೆ ಒಯ್ದರು. ಆ ಆಪಾದನೆ ಬಿದ್ದುಹೋಯಿತು. ಒಡನೆಯೇ ಎರಡು ಡಾಲರು ಚಿಲ್ಲರೆ ಸಾಲಕ್ಕಾಗಿ ಸೆರೆಯಲ್ಲಿಟ್ಟರು. ಮರುರಾತ್ರಿ ಯಾರೋ ಬಂದು ಆ ಸಾಲವನ್ನು ತಾವೇ ತೀರಿಸಿ ಅವನನ್ನು ಬಿಡಿಸಿದರು. ಸೆರೆಮನೆಯ ಬಾಗಿಲಲ್ಲಿ ಒಂದು ಗಾಡಿ ನಿಂತಿದ್ದಿತು. ಕೊಲೆ, ಕೊಲೆ ಎಂದು ಅವನು ಕೂಗಿಕೊಂಡುದನ್ನು ನೆರೆಯವರು ಕೇಳಿದರು. ಕುದುರೆಗಳನ್ನು ಬದಲಾಯಿಸುತ್ತ, ನೂರು ಮೈಲಿಗೂ ಹೆಚ್ಚು ದೂರದ ನಯಾಗರ ಕೋಟೆಯವರೆಗೆ ಆ ಗಾಡಿ ಓಡಿತು. ಕೋಟೆಯ ಮದ್ದಿನ ಮನೆಯಲ್ಲಿ ಅವನನ್ನು ಕೆಲವು ದಿನ ಕೂಡಿಹಾಕಿದ್ದರು. ಆ ಬಳಿಕ ಅವನನ್ನು ಕಂಡವರಿಲ್ಲ.

ಇಷ್ಟೇ ಆಗಿದ್ದರೆ ಅದೊಂದು ಹಳ್ಳಿಯ ದುಷ್ಕೃತ್ಯವಾಗಿ ಮುಗಿದುಹೋಗುತ್ತಿದ್ದಿತು. ದೇಶವನ್ನು ಕಲಕಿದುದು ಮುಂದೆ ನಡೆದ ವಿಚಾರಣೆ. ಗವರ್ನರ್ ಡಿವಿಟ್ ಕ್ಲಿಂಟನ್ನನು ಹಿಂದೆ ತಾನೇ ನ್ಯೂಯಾರ್ಕಿನ ಗ್ರಾಂಡ್ ಮಾಸ್ಟರಾಗಿದ್ದವನು. ಆದರೂ, ಅವನ ಕೀರ್ತಿಗೆ ಇದನ್ನು ಹೇಳಬೇಕು, ಅಪರಾಧಿಗಳನ್ನು ಹಿಡಿದುಕೊಟ್ಟವರಿಗೆ ಬಹುಮಾನ ಸಾರಿದನು. ಕೆಳಗಿನವರಲ್ಲಿ ಆ ನಿಷ್ಠೆ ಕಾಣಲಿಲ್ಲ. ಸಾಕ್ಷಿಗಳು ಊರು ಬಿಟ್ಟರು, ಕೆಲವರು ಬಾಯಿ ಬಿಡಲಿಲ್ಲ. 1827ರ ಜನವರಿಯಲ್ಲಿ ನಾಲ್ವರಿಗೆ ಶಿಕ್ಷೆಯಾಯಿತು. ಅತಿ ಹೆಚ್ಚೆಂದರೆ ಎರಡು ವರ್ಷ, ಅತಿ ಕಡಿಮೆಯೆಂದರೆ ಒಂದು ತಿಂಗಳು. ಅಪಹರಣವು ಆ ಸಂಸ್ಥಾನದಲ್ಲಿ ಆಗ ದೊಡ್ಡ ಅಪರಾಧವೆನಿಸಿರಲಿಲ್ಲ. ಗಾಡಿಯ ಪ್ರಯಾಣಕ್ಕೆ ನೆರವಾದವರಲ್ಲಿ ನಯಾಗರ ಜಿಲ್ಲೆಯ ಶೆರೀಫನೇ ಒಬ್ಬನಾಗಿದ್ದನೆಂದು ಕಡೆಗೆ ಗೊತ್ತಾಯಿತು. ಅವನಿಗೆ ಇಪ್ಪತ್ತೆಂಟು ತಿಂಗಳ ಸೆರೆಯಾಯಿತು. ಕೊಲೆಯ ಆಪಾದನೆ ಯಾರ ಮೇಲೂ ಸ್ಥಾಪಿತವಾಗಲಿಲ್ಲ.

ಸಾಮಾನ್ಯ ರೈತನು ಇದನ್ನು ನೋಡಿ ಕೇಳಿದ ಪ್ರಶ್ನೆ ನನಗೆ ಇಂದಿಗೂ ಅಲಕ್ಷ್ಯಕ್ಕೆ ಅರ್ಹವಾದುದಾಗಿ ತೋರುವುದಿಲ್ಲ. ನ್ಯಾಯಾಧಿಪತಿಯು ನ್ಯಾಯದ ಹೆಸರಿನಲ್ಲಿ ಒಂದು ಪ್ರಮಾಣವನ್ನು ಬಹಿರಂಗವಾಗಿ ಮಾಡಿರುತ್ತಾನೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಸೋದರನನ್ನು ಕಾಪಾಡುವೆನೆಂದು ಇನ್ನೊಂದು ಪ್ರಮಾಣವನ್ನೂ ಮಾಡಿರುತ್ತಾನೆ. ಕಟಕಟೆಯಲ್ಲಿ ಸೋದರನೇ ನಿಂತಾಗ ಯಾವ ಪ್ರಮಾಣ ಗೆಲ್ಲುವುದು? ಮೇಸನ್ನರ ಉತ್ತರವೇನೆಂದರೆ, ದೇಶದ ಕಾನೂನಿಗೆ ವಿರೋಧವಾದುದನ್ನು ತಮ್ಮ ಪ್ರತಿಜ್ಞೆ ಯಾರಿಂದಲೂ ಅಪೇಕ್ಷಿಸುವುದಿಲ್ಲ ಎಂಬುದು. ಬರೆದ ಮಾತಿನ ಮಟ್ಟಿಗೆ ಅದು ಸರಿಯೇ. ಆದರೆ ನಯಾಗರದ ಶೆರೀಫನು ಆ ಬರೆದ ಮಾತನ್ನು ಓದಿದಂತೆ ಕಾಣುವುದಿಲ್ಲ.

ಈ ಸಂಶಯದಿಂದ ಒಂದು ರಾಜಕೀಯ ಪಕ್ಷವೇ ಹುಟ್ಟಿತು. ಮೇಸನ್ ವಿರೋಧಿ ಪಕ್ಷವೆಂದೇ ಅದರ ಹೆಸರು; ಅಮೆರಿಕದ ರಾಜಕೀಯದಲ್ಲಿ ಮೂರನೆಯ ಪಕ್ಷವೆಂಬುದಕ್ಕೆ ಅದೇ ಮೊದಲು. ಲಾಡ್ಜುಗಳು ನೂರಾರು ಮುಚ್ಚಿದುವು. ಅಧ್ಯಕ್ಷಪದವಿಗೆ ನಿಲ್ಲುವವನನ್ನು ದೇಶದ ನಾನಾ ಕಡೆಗಳ ಪ್ರತಿನಿಧಿಗಳು ಒಂದೆಡೆ ಸೇರಿ ಬಹಿರಂಗವಾಗಿ ಆರಿಸುವ ಮಹಾಸಮ್ಮೇಳನವನ್ನು ಮೊದಲು ನಡೆಸಿದವರು ಇವರೇ, 1831ರ ಸೆಪ್ಟೆಂಬರಿನಲ್ಲಿ, ಬಾಲ್ಟಿಮೋರಿನಲ್ಲಿ. ವರ್ಷ ತುಂಬುವುದರೊಳಗಾಗಿ ಮಿಕ್ಕ ಪಕ್ಷಗಳೂ ಅದೇ ಊರಿಗೆ ಬಂದು ಅದೇ ಪದ್ಧತಿಯನ್ನು ಹಿಡಿದುವು. ಇಂದು ನಾಲ್ಕು ವರ್ಷಕ್ಕೊಮ್ಮೆ ಅಮೆರಿಕದಲ್ಲಿ ನಡೆಯುವ ಆ ದೊಡ್ಡ ಗದ್ದಲದ ಸಮ್ಮೇಳನಗಳಿಗೆ ಮೂಲ, ಒಬ್ಬ ಬಡ ಕಲ್ಲುಕುಟಿಗನ ಕಣ್ಮರೆ. 1832ರ ಚುನಾವಣೆ ವಿನೋದವಾದುದು. ಗೆದ್ದ ಆಂಡ್ರೂ ಜಾಕ್ಸನ್ನನು ಟೆನೆಸೀಯ ಗ್ರಾಂಡ್ ಮಾಸ್ಟರಾಗಿದ್ದವನು. ಅವನ ಮುಖ್ಯ ಪ್ರತಿಸ್ಪರ್ಧಿ ಹೆನ್ರಿ ಕ್ಲೇ ಕೆಂಟಕಿಯ ಗ್ರಾಂಡ್ ಮಾಸ್ಟರಾಗಿದ್ದವನು. ಮೇಸನ್ ವಿರೋಧಿಗಳು ಆರಿಸಿದ ವಿಲಿಯಂ ವರ್ಟನು ತಾನೂ ಹಿಂದೆ ದೀಕ್ಷೆ ಪಡೆದವನೆಂದು ಸಮ್ಮೇಳನಕ್ಕೆ ಬರೆದ ಒಪ್ಪಿಗೆಯ ಕಾಗದದಲ್ಲಿಯೇ ಒಪ್ಪಿಕೊಂಡನು! ಅವನಿಗೆ ವರ್ಮಾಂಟ್ ಸಂಸ್ಥಾನ ಒಂದೇ ದಕ್ಕಿತು. ಪಕ್ಷವು ಕೆಲವೇ ವರ್ಷಗಳಲ್ಲಿ ಕರಗಿತು. ಆದರೆ ಸೀವರ್ಡ್, ಥ್ಯಾಡಿಯಸ್ ಸ್ಟೀವೆನ್ಸ್, ಫಿಲ್‌ಮೋರ್ ಮುಂತಾಗಿ ಮುಂದೆ ಹೆಸರಾದ ಹಲವರು ರಾಜಕೀಯದ ಅಕ್ಷರಾಭ್ಯಾಸ ಮಾಡಿದುದು ಅಲ್ಲಿಯೇ.

ಅಮೆರಿಕದ ಅಧ್ಯಕ್ಷರಲ್ಲಿ ಮೇಸನ್ನರಾದವರು ಹದಿನಾಲ್ಕು ಮಂದಿ. ಹೆಸರುಗಳನ್ನೆಲ್ಲ ಒಪ್ಪಿಸಿ ನಿಮಗೆ ನಿದ್ರೆ ಬರಿಸುವುದಿಲ್ಲ. ವಾಷಿಂಗ್‌ಟನ್ನನಿಂದ ಮೊದಲಾಗಿ ಜೆರಾಲ್ಡ್ ಫೋರ್ಡನವರೆಗೆ ಆ ಸಾಲು ಹೋಗುತ್ತದೆ. 1977ರಲ್ಲಿ ಅವನು ಪದವಿಯಿಂದಿಳಿದ ಮೇಲೆ ಮತ್ತೊಬ್ಬ ಮೇಸನ್ನನು ಆ ಪೀಠಕ್ಕೆ ಬಂದಿಲ್ಲ. ಲಿಂಕನ್ನನು ಮೇಸನ್ನನಲ್ಲ. 1860ರಲ್ಲಿ ತನ್ನೂರಿನ ಲಾಡ್ಜಿಗೆ ಅರ್ಜಿ ಕೊಟ್ಟವನು, ಮತ ಗಿಟ್ಟಿಸುವುದಕ್ಕೆ ಸೇರಿದನೆಂದು ಜನ ಅಂದಾರೆಂದು ಹಿಂದೆಗೆದನೆಂದು ಹೇಳುವುದುಂಟು. ಇವರೆಲ್ಲರಲ್ಲಿ ಲಾಡ್ಜನ್ನು ಮನಸಾರೆ ಪ್ರೀತಿಸಿದವನು ಹ್ಯಾರಿ ಟ್ರೂಮನ್. 1909ರಲ್ಲಿ, ಮಿಸೂರಿಯ ಹೊಲದಲ್ಲಿ ನೇಗಿಲು ಹೂಡುತ್ತಿದ್ದ ದಿನಗಳಲ್ಲಿ ಸೇರಿದನು. ಎರಡು ವರ್ಷದಲ್ಲಿ ಗ್ರಾಂಡ್‌ವ್ಯೂ ಊರಿನಲ್ಲಿ ಹೊಸ ಲಾಡ್ಜನ್ನು ಸ್ಥಾಪಿಸಿದನು. 1940ರಲ್ಲಿ, ಸೆನೆಟಿನ ಕಠಿಣ ಚುನಾವಣೆಯ ನಡುವೆ, ಮಿಸೂರಿಯ ಗ್ರಾಂಡ್ ಮಾಸ್ಟರಾದನು. ಅವನು ಅಧ್ಯಕ್ಷನಾಗಿದ್ದಾಗ ಶ್ವೇತಭವನದ ಗೋಡೆಗಳು ಶಿಥಿಲವಾಗಿ, 1949ರಿಂದ 1952ರವರೆಗೆ ಒಳಭಾಗವನ್ನೆಲ್ಲ ಕಿತ್ತು ಕಟ್ಟಬೇಕಾಯಿತು. ಆಗ ಹಳೆಯ ಕಲ್ಲುಗಳ ಮೇಲೆ, ಅವನ್ನು ಕೆತ್ತಿದ ಶಿಲ್ಪಿಗಳು ತಮ್ಮ ತಮ್ಮ ಗುರುತಿಗಾಗಿ ಕೊರೆದಿದ್ದ ಗೀರುಗಳು ಕಂಡುವು. ಸ್ಕಾಟ್ಲೆಂಡಿನ ಎಡಿನ್‌ಬರೋ ಕಡೆಯಿಂದ 1794ರ ಸುಮಾರಿಗೆ ಬಂದಿದ್ದ ಕುಟಿಗರ ಗುರುತುಗಳವು. ಟ್ರೂಮನ್ನನು ಸಂತೋಷಪಟ್ಟು ಅಂಥ ಕಲ್ಲುಗಳನ್ನು ಒಂದೊಂದಾಗಿ ಸಂಸ್ಥಾನಗಳ ಮಹಾಲಾಡ್ಜುಗಳಿಗೆ ಕಳುಹಿಸಿಕೊಟ್ಟನು. ಆ ಕಲ್ಲನ್ನು ವರ್ಜೀನಿಯದ ಅಕ್ವಿಯ ಗಣಿಯಲ್ಲಿ ಒಡೆದು ತೆಗೆದವರಲ್ಲಿ ಗುಲಾಮರಾದ ಕಪ್ಪು ಜನರೂ ಇದ್ದರು. ಅವರು ಗುರುತು ಕೊರೆಯಲಿಲ್ಲ.

ಇಲ್ಲಿ ನಾನು ಕಥೆಯನ್ನು ಹಿಂದಕ್ಕೆ, 1775ಕ್ಕೆ, ಒಯ್ಯಬೇಕಾಗಿದೆ. ಬಾಸ್ಟನ್ನಿನಲ್ಲಿ ಪ್ರಿನ್ಸ್ ಹಾಲ್ ಎಂಬ ಸ್ವತಂತ್ರನಾದ ಕಪ್ಪು ಮನುಷ್ಯನಿದ್ದನು. ಚರ್ಮದ ಕೆಲಸ ಅವನ ಕಸುಬು. ಯುದ್ಧಕಾಲದಲ್ಲಿ ಫಿರಂಗಿ ದಳದ ನಗಾರಿಗಳಿಗೆ ಚರ್ಮ ಒದಗಿಸಿದವನು. ಅವನೂ ಇನ್ನು ಹದಿನಾಲ್ಕು ಮಂದಿ ಕಪ್ಪು ಜನರೂ ಮೇಸನ್ನರಾಗಬೇಕೆಂದು ಬಯಸಿದರು. ಊರಿನ ಬಿಳಿಯರ ಲಾಡ್ಜುಗಳಲ್ಲಿ, ಸ್ವಾತಂತ್ರ್ಯದ ಮಾತೇ ಮಾತಾಗಿದ್ದ ಆ ಲಾಡ್ಜುಗಳಲ್ಲಿ, ಅವರಿಗೆ ಎಡೆ ದೊರೆಯಲಿಲ್ಲ. ದೀಕ್ಷೆ ಕೊಟ್ಟುದು ಊರನ್ನು ಕಾಯುತ್ತಿದ್ದ ಬ್ರಿಟಿಷ್ ದಂಡಿನಲ್ಲಿದ್ದ ಐರಿಷ್ ಲಾಡ್ಜು. ಲೆಕ್ಸಿಂಗ್‌ಟನ್ನಿನಲ್ಲಿ ಮೊದಲ ಗುಂಡು ಹಾರುವುದಕ್ಕೆ ಆರು ವಾರ ಮುಂಚೆ. ದಂಡು ಊರು ಬಿಟ್ಟ ಮೇಲೆ ಇವರಿಗೆ ಮೆರವಣಿಗೆಯಲ್ಲಿ ನಡೆಯುವುದಕ್ಕೂ ಸತ್ತವರನ್ನು ಹೂಳುವುದಕ್ಕೂ ಮಾತ್ರ ಅಧಿಕಾರವುಳಿಯಿತು. ಹಾಲನು ಲಂಡನ್ನಿಗೆ ಬರೆದನು. 1784ರಲ್ಲಿ ಅಲ್ಲಿನ ಮಹಾಲಾಡ್ಜು ಸನ್ನದು ಬರೆದುಕೊಟ್ಟಿತು. ಅದು ಬಾಸ್ಟನ್ನನ್ನು ಮುಟ್ಟಿದುದು 1787ರಲ್ಲಿ.

ಈ ಲಾಡ್ಜು ಮಾಡಿದ ಕೆಲಸವನ್ನು ನೋಡಿದರೆ ಮೇಸನ್ನರ ತತ್ತ್ವವನ್ನು ಅಕ್ಷರಶಃ ತೆಗೆದುಕೊಂಡವರು ಇವರೇ ಎಂದು ನನಗೆ ತೋರುವುದು. ಗುಲಾಮತನವನ್ನು ರದ್ದುಮಾಡಬೇಕೆಂದು 1777ರಲ್ಲಿ ಶಾಸನಸಭೆಗೆ ಕೊಟ್ಟ ಮನವಿಯಲ್ಲಿ ಹಾಲನ ರುಜುವಿದೆ. ತೆರಿಗೆ ಕೊಡುತ್ತಿದ್ದೇವೆ, ನಮ್ಮ ಮಕ್ಕಳಿಗೆ ಶಾಲೆ ಕೊಡಿರೆಂದು 1787ರಲ್ಲಿ ಬೇಡಿದನು, ಕೊಡಲಿಲ್ಲ. 1788ರಲ್ಲಿ ಬಾಸ್ಟನ್ನಿನ ಮೂವರು ಸ್ವತಂತ್ರ ಕಪ್ಪು ಜನರನ್ನು ಕೆಲಸವಿದೆಯೆಂದು ಹಡಗಿಗೆ ಕರೆದು, ಕಟ್ಟಿ, ಕೆರಿಬಿಯನ್ ದ್ವೀಪಗಳಿಗೆ ಮಾರಲು ಒಯ್ದರು. ಅವರಲ್ಲೊಬ್ಬನು ಹಾಲನ ಲಾಡ್ಜಿನವನು. ಹಾಲನೂ ಅವನ ಸೋದರರೂ ಮನವಿ ಬರೆದು ಊರನ್ನೆಲ್ಲ ಎಬ್ಬಿಸಿದರು. ಅದೇ ಮಾರ್ಚಿಯಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಶಾಸನವಾಯಿತು. ಬೇಸಗೆಯಲ್ಲಿ ಮೂವರೂ ಜೀವಂತವಾಗಿ ಹಿಂದಿರುಗಿದರು. 1807ರಲ್ಲಿ ಹಾಲನು ತೀರಿಕೊಂಡ ಬಳಿಕ ಅವನ ಹೆಸರಿನಿಂದಲೇ ಆ ಶಾಖೆ ದೇಶದಲ್ಲೆಲ್ಲ 
ಬೆಳೆಯಿತು. ಬಿಳಿಯರ ಮಹಾಲಾಡ್ಜುಗಳು ಮಾತ್ರ ಅದನ್ನು ಕ್ರಮಬದ್ಧವಾದುದೆಂದು ಒಪ್ಪಲಿಲ್ಲ. ನಿಬಂಧನೆಗಳ ಸೂಕ್ಷ್ಮಗಳನ್ನು ಎತ್ತಿ ತೋರಿಸುತ್ತಿದ್ದರು. ಆ ಸೂಕ್ಷ್ಮಗಳು ನಿಜವಾದ ಕಾರಣವೆಂದು ನಂಬುವಷ್ಟು ಸರಳನು ನಾನಲ್ಲ.

1953ರ ಡಿಸೆಂಬರಿನಲ್ಲಿ ವಾಷಿಂಗ್‌ಟನ್ ನಗರದ ಸುಪ್ರೀಂ ಕೋರ್ಟಿನಲ್ಲಿ ಒಂದು ಮೊಕದ್ದಮೆಯ ವಾದ ನಡೆಯಿತು. ಬಿಳಿಯ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಬೇರೆ ಬೇರೆ ಶಾಲೆಗಳನ್ನಿಡುವುದು ರಾಜ್ಯಾಂಗಕ್ಕೆ ಸಮ್ಮತವೆ ಎಂಬುದು ಪ್ರಶ್ನೆ. ಮುಖ್ಯ ನ್ಯಾಯಾಧಿಪತಿ ಅರ್ಲ್ ವಾರನ್ನನು 1935–36ರಲ್ಲಿ ಕ್ಯಾಲಿಫೋರ್ನಿಯದ ಗ್ರಾಂಡ್ ಮಾಸ್ಟರಾಗಿದ್ದವನು. ಕಪ್ಪು ಮಕ್ಕಳ ಪರವಾಗಿ ಎದುರಿಗೆ ನಿಂತು ವಾದಿಸಿದ ವಕೀಲರ ಮುಂದಾಳು ಥರ್‌ಗುಡ್ ಮಾರ್ಷಲ್ಲನು ಪ್ರಿನ್ಸ್ ಹಾಲ್ ಮೇಸನ್ನನು. ಅವನ ಸಂಸ್ಥೆಯ ಕಾನೂನಿನ ಹೋರಾಟಕ್ಕೆ ಪ್ರಿನ್ಸ್ ಹಾಲ್ ಲಾಡ್ಜುಗಳು ಹಣ ಕೂಡಿಸಿ ಕೊಡುತ್ತಿದ್ದುವು. ಪೀಠದ ಮೇಲಿನವನೂ ಕೆಳಗಿನವನೂ ಒಂದೇ ಮೂಲೆಮಟ್ಟ, ಒಂದೇ ಕೈವಾರದ ಮುಂದೆ ಪ್ರತಿಜ್ಞೆ ಮಾಡಿದವರು. ಆದರೆ ಒಬ್ಬನ ಲಾಡ್ಜಿನೊಳಕ್ಕೆ ಇನ್ನೊಬ್ಬನು ಸೋದರನೆಂದು ಕಾಲಿಡುವಂತಿರಲಿಲ್ಲ. 1954ರ ಮೇ 17ರಂದು ವಾರನ್ನನು ತೀರ್ಪನ್ನು ಓದಿದನು. ಒಂಬತ್ತು ಮಂದಿ ನ್ಯಾಯಾಧಿಪತಿಗಳೂ ಏಕಮತವಾಗಿದ್ದರು. ಬೇರೆ ಶಾಲೆಗಳ ಪದ್ಧತಿ ಅಸಿಂಧುವಾಯಿತು. ಬಟೇವಿಯದ ರೈತರು ಇದನ್ನು ಕೇಳಿದ್ದರೆ ಏನೆನ್ನುತ್ತಿದ್ದರೋ! ಇಲ್ಲಿ ನ್ಯಾಯಾಧಿಪತಿ ಮಾಡಿದ್ದ ಎರಡು ಪ್ರಮಾಣಗಳು ಒಂದಕ್ಕೊಂದು ಅಡ್ಡ ಬರಲಿಲ್ಲ. ಆದರೆ ಅವನ ಲಾಡ್ಜು ಅವನ ತೀರ್ಪಿಗಿಂತ ಬಹಳ ಹಿಂದೆ ಉಳಿದಿದ್ದಿತು.

ಆ ಕಾಲಕ್ಕೆ ಮೇಸನ್ನರ ಸಂಖ್ಯೆ ಅಮೆರಿಕದಲ್ಲಿ ಎಂದಿಗಿಂತಲೂ ಹೆಚ್ಚಾಗಿದ್ದಿತು. 1959ರಲ್ಲಿ ನಾಲ್ವತ್ತೊಂದು ಲಕ್ಷ. ಅಲ್ಲಿಂದ ಇಳಿಯುತ್ತ ಬಂದು ಈಗ ಹತ್ತು ಲಕ್ಷಕ್ಕೂ ಕಡಿಮೆಯಾಗಿದೆ. 1969ರಲ್ಲಿ ಚಂದ್ರನ ಮೇಲೆ ಇಳಿದ ಬಜ್ ಆಲ್ಡ್ರಿನ್ನನು ಮೇಸನ್ನರ ಬಾವುಟವೊಂದನ್ನು ಜೊತೆಯಲ್ಲಿ ಒಯ್ದಿದ್ದನು. ಚಂದ್ರನವರೆಗೆ ಹೋದ ಬಾವುಟ ಊರಿನ ಕಪ್ಪು ಮೇಸನ್ನರ ಬಾಗಿಲವರೆಗೆ ಹೋಗುವುದಕ್ಕೆ ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. 1989ರ ಅಕ್ಟೋಬರಿನಲ್ಲಿ ಕನೆಕ್ಟಿಕಟ್ ಸಂಸ್ಥಾನದ ಮಹಾಲಾಡ್ಜು ಅಲ್ಲಿನ ಪ್ರಿನ್ಸ್ ಹಾಲ್ ಮಹಾಲಾಡ್ಜನ್ನು ಸರಿಸಮವಾದುದೆಂದು ಒಪ್ಪಿತು. ಇದು ಈಗಲೂ ನಿಂತಿರುವ ಒಪ್ಪಿಗೆಗಳಲ್ಲಿ ಮೊದಲನೆಯದು. ಉಳಿದ ಸಂಸ್ಥಾನಗಳಲ್ಲಿ ಬಹುಪಾಲು ಒಂದೊಂದಾಗಿ ಹಿಂದೆ ಬಂದುವು, ದಕ್ಷಿಣದವು ಎಲ್ಲಕ್ಕಿಂತ ನಿಧಾನವಾಗಿ. ಅರ್ಲ್ ವಾರನ್ನನು 1974ರಲ್ಲಿಯೇ ತೀರಿಹೋಗಿದ್ದನು. ಮಾರ್ಷಲ್ಲನಿಗೆ ಆಗ ಎಂಬತ್ತೊಂದು ವರ್ಷ. ವಾರನ್ನನ ಮುಂದೆ ನಿಂತು ವಾದಿಸಿದ್ದ ಅದೇ ಕೋರ್ಟಿನ ಪೀಠದ ಮೇಲೆ ನ್ಯಾಯಾಧಿಪತಿಯಾಗಿ ಇಪ್ಪತ್ತೆರಡು ವರ್ಷಗಳಿಂದ ಕುಳಿತಿದ್ದನು.